ಒಂದೇ ತೂಬಿನ ನೀರು: ಇಂಗ್ಲಿಷಿನ ಜಗಳದ ಪದಗಳು

1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಕ್ವಾರ್ಟರ್ ಫೈನಲ್ ನಡೆಯಿತು. ಪಾಕಿಸ್ತಾನದ ಆಮಿರ್ ಸೊಹೈಲ್ ನಮ್ಮ ವೆಂಕಟೇಶ ಪ್ರಸಾದರ ಎಸೆತವನ್ನು ಬೌಂಡರಿಗೆ ಅಟ್ಟಿ, ಮುಂದಿನದೂ ಅಲ್ಲಿಗೇ ಎನ್ನುವಂತೆ ಬ್ಯಾಟು ಚಾಚಿ ತೋರಿಸಿದರು. ಮರು ಎಸೆತಕ್ಕೆ ಅವರ ಸ್ಟಂಪು ಉರುಳಿತು. ಭಾರತ 39 ರನ್ನುಗಳಿಂದ ಗೆದ್ದಿತು. ಆ ಸಂಜೆಯನ್ನು ಕಂಡವರು ಇಂದಿಗೂ ಅದನ್ನು ನಿನ್ನೆ ನಡೆದಂತೆ ಹೇಳುತ್ತಾರೆ.

ಈ ಎರಡು ತಂಡಗಳ ಪಂದ್ಯವನ್ನು ಇಂಗ್ಲಿಷಿನಲ್ಲಿ ವರದಿ ಮಾಡುವವರು ಸಾಮಾನ್ಯವಾಗಿ 'ಆರ್ಚ್ ರೈವಲ್ಸ್' ಎಂದು ಬರೆಯುತ್ತಾರೆ. ಕನ್ನಡದ ಕ್ರೀಡಾಪುಟದಲ್ಲಿ ಅದೇ ಮಾತು 'ಬದ್ಧವೈರಿ' ಆಗುತ್ತದೆ. ಎಷ್ಟೋ ವರ್ಷಗಳಿಂದ ಓದಿ ಓದಿ ಕಣ್ಣಿಗೆ ಒಗ್ಗಿಹೋಗಿರುವ ಈ ಅನುವಾದವನ್ನು ಒಮ್ಮೆ ನಿಂತು ನೋಡಬೇಕು. 'ಆರ್ಚ್' ಎಂದರೆ ಗ್ರೀಕ್ ಮೂಲದಲ್ಲಿ ಮುಖ್ಯ, ಹಿರಿಯ. ಆರ್ಚ್‌ಬಿಷಪ್, ಆರ್ಕಿಟೆಕ್ಟ್ ಪದಗಳಲ್ಲಿ ಇರುವುದೂ ಅದೇ. 'ಆರ್ಚ್ ರೈವಲ್' ಎಂದರೆ ಪೈಪೋಟಿಗೆ ನಿಂತವರಲ್ಲಿ ಮುಖ್ಯನಾದವನು, ಅಷ್ಟೆ. ಅದರಲ್ಲಿ ಹಗೆಯಿಲ್ಲ, ಪ್ರತಿಜ್ಞೆಯಿಲ್ಲ. ವೈರವನ್ನು ಕಟ್ಟಿಕೊಟ್ಟವರು ನಾವು.

ಜಗಳ, ಪೈಪೋಟಿ, ಯುದ್ಧಗಳನ್ನು ಹೇಳುವ ಇಂಗ್ಲಿಷ್ ಪದಗಳ ರಾಶಿ ದೊಡ್ಡದು. ನಿಘಂಟು ತೆರೆದರೆ ಎಲ್ಲವೂ ಒಂದರ ಪಕ್ಕ ಒಂದು ಸಮಾನಾರ್ಥಕಗಳಂತೆ ಕೂತಿರುತ್ತವೆ. ಆದರೆ ಅವುಗಳ ನಡುವೆ ಒಂದು ಗೆರೆಯಿದೆ ಎಂದು ನನಗೆ ತೋರುತ್ತದೆ. ಒಂದು ಬದಿಯ ಪದಗಳು ಎದುರಿಗಿರುವವನು ನಮ್ಮೊಂದಿಗೆ ಏನನ್ನೋ ಹಂಚಿಕೊಂಡಿದ್ದಾನೆ ಎಂದು ಒಪ್ಪಿಕೊಂಡೇ ಮಾತು ಶುರುಮಾಡುತ್ತವೆ. ಇನ್ನೊಂದು ಬದಿಯವು ಆ ಹಂಚಿಕೆಯನ್ನೇ ಕಡಿದುಹಾಕುತ್ತವೆ. ಪತ್ರಿಕೆ, ರಾಜಕೀಯ, ಜಾಹೀರಾತು ಮೂರೂ ಸೇರಿ ಮೊದಲನೆಯದನ್ನು ಎರಡನೆಯದರ ಕಡೆಗೆ ದೂಡುತ್ತ ಬಂದಿವೆ. ನಾವು ಕನ್ನಡಿಗರು ಆ ಪದಗಳನ್ನು ತರುವಾಗ ದೂಡಿದ ಸ್ಥಿತಿಯಲ್ಲೇ ತಂದುಕೊಂಡಿದ್ದೇವೆ.

'ರೈವಲ್' ಪದದಿಂದಲೇ ಹೊರಡೋಣ. ಲ್ಯಾಟಿನ್ನಿನಲ್ಲಿ 'ರಿವುಸ್' ಎಂದರೆ ಹಳ್ಳ, ಕಾಲುವೆ. 'ರಿವಾಲಿಸ್' ಎಂದರೆ ಅದೇ ಕಾಲುವೆಯಿಂದ ನೀರು ಹಾಯಿಸಿಕೊಳ್ಳುವ ಇನ್ನೊಬ್ಬ. ಇದು ಕವಿಗಳ ಕಲ್ಪನೆಯಲ್ಲ, ಕಾನೂನಿನ ಮಾತು. ಕ್ರಿ.ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ 'ಡೈಜೆಸ್ಟ್' ಎಂಬ ಕಾನೂನು ಸಂಗ್ರಹದಲ್ಲಿ ಉಲ್ಪಿಯನ್ ಎಂಬ ನ್ಯಾಯವಿದ ಈ ಪದವನ್ನು ಇದೇ ಅರ್ಥದಲ್ಲಿ ವಿವರಿಸಿದ್ದಾನೆ. ಒಂದೇ ತೂಬಿನ ಕೆಳಗೆ ಗದ್ದೆಯಿರುವ ಇಬ್ಬರು ರೈತರು 'ರೈವಲ್'ಗಳು. ನೀರು ಸಾಕಷ್ಟು ಇದ್ದಾಗ ಅವರು ನೆರೆಹೊರೆ, ಸಾಲದಾದಾಗ ಜಗಳ. ರೋಮಿನ ನಾಟಕಕಾರರು ಈ ಪದವನ್ನು ಒಬ್ಬಳೇ ಹೆಣ್ಣನ್ನು ಬಯಸುವ ಇಬ್ಬರು ಗಂಡಸರಿಗೆ ಹೊಂದಿಸಿದರು. ಇಂಗ್ಲಿಷಿಗೆ ಅದು ಬಂದದ್ದು 16ನೇ ಶತಮಾನದ ಕೊನೆಗೆ. ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದ ಮೊದಲ ದೃಶ್ಯದಲ್ಲಿ ಕಾವಲುಗಾರನೊಬ್ಬ ತನ್ನ ಜೊತೆ ಕಾವಲಿಗಿರುವ ಸಂಗಾತಿಗಳನ್ನೇ 'ರೈವಲ್ಸ್' ಎನ್ನುತ್ತಾನೆ. ಪಾಲುದಾರ ಎಂಬ ಹಳೆಯ ನೆನಪು ಆಗಲೂ ಪದದಲ್ಲಿ ಉಳಿದಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. 'ರಿವರ್' ಮತ್ತು 'ರೈವಲ್' ಒಂದೇ ಬೇರಿನವು ಎಂದು ಹೇಳುವುದುಂಟು. ಕೇಳಲು ಚೆನ್ನ, ಆದರೆ ನಿಜವಲ್ಲ. 'ರಿವರ್' ಬಂದದ್ದು ದಡ ಎಂಬ ಅರ್ಥದ 'ರಿಪಾ'ದಿಂದ. 'ರಿಪೇರಿಯನ್' ಎಂಬ ಕಾನೂನು ಪದವೂ ಅಲ್ಲಿಂದಲೇ. ಮೇಲ್ದಂಡೆ ರಾಜ್ಯ, ಕೆಳದಂಡೆ ರಾಜ್ಯ ಎಂದು ಕಾವೇರಿಯ ಮಾತು ಬಂದಾಗಲೆಲ್ಲ ನಾವು ಕೇಳುವುದು ಆ ಪದದ ಕನ್ನಡ ರೂಪ. ದಡ ನಮ್ಮನ್ನು ಬೇರೆ ಮಾಡುತ್ತದೆ, ಕಾಲುವೆ ನಮ್ಮನ್ನು ಕಟ್ಟಿಹಾಕುತ್ತದೆ. ಎರಡು ಪದಗಳೂ ನೀರಿನ ಹತ್ತಿರ ಹುಟ್ಟಿ ಬೇರೆ ಬೇರೆ ದಾರಿ ಹಿಡಿದವು.

ಕಾವೇರಿಯ ಹೆಸರು ಬಂದಮೇಲೆ ಅಲ್ಲೇ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಒಂದು ಇಂಗ್ಲಿಷ್ ಪದ ನಮ್ಮ ಬದುಕನ್ನು ಇಷ್ಟು ಹತ್ತಿರದಿಂದ ಮುಟ್ಟಿದ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ. ಮೈಸೂರು ಮತ್ತು ಮದರಾಸು ಸರ್ಕಾರಗಳು 1892ರಲ್ಲೂ 1924ರಲ್ಲೂ ಒಪ್ಪಂದ ಮಾಡಿಕೊಂಡವು. ಸಂವಿಧಾನದ 262ನೇ ವಿಧಿ, 1956ರ ಅಂತರರಾಜ್ಯ ನದಿ ನೀರಿನ ಕಾಯಿದೆ, 1990ರ ನ್ಯಾಯಮಂಡಳಿ, ಎಲ್ಲ ಕಡೆಯೂ ಇಂಗ್ಲಿಷಿನಲ್ಲಿ ಬಳಸಿರುವ ಪದ 'ಡಿಸ್ಪ್ಯೂಟ್'. 'ಕಾನ್‌ಫ್ಲಿಕ್ಟ್' ಅಲ್ಲ, 'ಫೈಟ್' ಅಲ್ಲ. 'ಡಿಸ್ಪ್ಯೂಟ್' ಪದದೊಳಗಿರುವ 'ಪುತಾರೆ'ಯ ಅರ್ಥ ಎಣಿಸು, ಲೆಕ್ಕಹಾಕು. 'ಕಂಪ್ಯೂಟರ್' ಎಂಬ ಪದ ಹುಟ್ಟಿದ್ದೂ ಅದೇ ಬೇರಿನಿಂದ. ಅಂದರೆ ಇಬ್ಬರೂ ತಮ್ಮ ತಮ್ಮ ಲೆಕ್ಕವನ್ನು ಮುಂದಿಟ್ಟು ಎಣಿಸಿ ನೋಡುವ ಕೆಲಸ. ನ್ಯಾಯಮಂಡಳಿ 2007ರ ಫೆಬ್ರವರಿ 5ರಂದು ಮಾಡಿದ್ದು ಅದನ್ನೇ: ಒಟ್ಟು 740 ಟಿಎಂಸಿ ಎಂದು ಇಟ್ಟುಕೊಂಡು ಕರ್ನಾಟಕಕ್ಕೆ 270, ತಮಿಳುನಾಡಿಗೆ 419. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ಮತ್ತೆ ಎಣಿಸಿತು: ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25. ಕಾನೂನಿನ ಭಾಷೆಗೆ ಇದು ಬಾಕಿ ಉಳಿದ ಲೆಕ್ಕ. ಅದೇ ಹೊತ್ತಿಗೆ ಪತ್ರಿಕೆಗಳ ಭಾಷೆಗೆ ಇದು 'ವಾಟರ್ ವಾರ್'. ನಮ್ಮಲ್ಲಿ ಜಲಯುದ್ಧ, ಕಾವೇರಿ ಕದನ. 1991ರ ಡಿಸೆಂಬರಿನಲ್ಲಿ, ಮತ್ತೆ 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಹೊತ್ತಿ ಉರಿದಾಗ ಬೀದಿಗೆ ಬಂದವರ ಬಾಯಲ್ಲಿದ್ದದ್ದು ಯಾವ ಪದ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಂಡ್ಯದ ನಾಲೆಯ ಕೊನೆಭಾಗದ ರೈತನಿಗೂ ತಂಜಾವೂರಿನ ಕೊನೆಭಾಗದ ರೈತನಿಗೂ ಕಷ್ಟ ಒಂದೇ, ಬೇಕಾದ ನೀರೂ ಒಂದೇ. ಅವರು ಅಕ್ಷರಶಃ ರೋಮನ್ ಕಾನೂನಿನ 'ರೈವಲ್'ಗಳು.

ಕನ್ನಡಕ್ಕೆ ಈ ತಿಳಿವು ಹೊಸದೇನಲ್ಲ. 'ದಾಯಾದಿ' ಪದವನ್ನು ನೋಡಿ. ದಾಯ ಎಂದರೆ ಪಿತ್ರಾರ್ಜಿತ ಆಸ್ತಿ. ದಾಯದಲ್ಲಿ ಪಾಲುಳ್ಳವನು ದಾಯಾದಿ. ರೋಮಿನವನಿಗೆ ಕಾಲುವೆ ಹೇಗೋ ನಮಗೆ ಹೊಲಮನೆ ಹಾಗೆ. ಪಾಲುಗಾರನೇ ಪೈಪೋಟಿಗಾರನಾಗುತ್ತಾನೆ ಎಂಬುದನ್ನು ಎರಡು ದೂರದ ನಾಡುಗಳು ಬೇರೆ ಬೇರೆಯಾಗಿಯೇ ಕಂಡುಕೊಂಡವು. ಮಹಾಭಾರತವನ್ನು ದಾಯಾದಿ ಕಲಹ ಎಂದು ಕರೆಯುವಾಗ ನಾವು ಹೇಳುತ್ತಿರುವುದೂ ಇದನ್ನೇ. 'ಸವತಿ' ಎಂಬ ಪದದ ಹಿಂದಿರುವುದೂ ಹಂಚಿಕೆಯ ನೋವೇ.

ಹಂಚಿಕೆಯನ್ನು ಒಪ್ಪುವ ಪದಗಳು ಇನ್ನೂ ಇವೆ. 'ಕಂಪೀಟ್' ಎಂದರೆ ಮೂಲದಲ್ಲಿ ಒಟ್ಟಿಗೆ ಅರಸು. ಇಬ್ಬರೂ ಒಂದೇ ವಸ್ತುವನ್ನು ಹುಡುಕಿಕೊಂಡು ಹೊರಟಿದ್ದಾರೆ. 'ಕಾಂಟೆಸ್ಟ್' ಬಂದದ್ದು ನ್ಯಾಯಾಲಯದ ಅಂಗಳದಿಂದ: ವ್ಯಾಜ್ಯ ಶುರುವಾಗುವ ಮುಂಚೆ ಎರಡೂ ಕಡೆಯವರು ಸಾಕ್ಷಿಗಳನ್ನು ಕರೆಯುವುದು. ಚುನಾವಣೆಗೆ ನಿಲ್ಲುವುದನ್ನು 'ಕಾಂಟೆಸ್ಟ್ ಮಾಡುವುದು' ಎಂದು ನಮ್ಮ ಹಳ್ಳಿಗಳಲ್ಲೂ ಹೇಳುತ್ತಾರೆ. ಜನರನ್ನು ಸಾಕ್ಷಿಗೆ ಕರೆಯುವುದು ಎಂಬ ಮೂಲಾರ್ಥ ಅಲ್ಲಿ ಗೊತ್ತಿಲ್ಲದೆಯೇ ಸರಿಯಾಗಿ ಕೂತಿದೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು 'ಮ್ಯಾಚ್'. ಹಳೆಯ ಇಂಗ್ಲಿಷಿನಲ್ಲಿ ಅದರ ಪೂರ್ವರೂಪಕ್ಕೆ ಜೊತೆಗಾರ, ಸರಿಸಮ, ಸಂಗಾತಿ ಎಂಬ ಅರ್ಥಗಳಿದ್ದವು. ಮದುವೆಯ ಸಂಬಂಧಕ್ಕೂ 'ಮ್ಯಾಚ್', ಬಟ್ಟೆಯ ಬಣ್ಣ ಹೊಂದುವುದಕ್ಕೂ 'ಮ್ಯಾಚ್', ಕ್ರಿಕೆಟ್ಟಿಗೂ 'ಮ್ಯಾಚ್'. ಈ ಮೂರೂ ಹೇಗೆ ಒಂದಾದವು ಎಂದು ತಿಳಿಯಬೇಕಾದರೆ ಮೈಸೂರಿಗೆ ಬರಬೇಕು. ದಸರಾ ಕುಸ್ತಿಗೆ ಮುಂಚೆ ಪೈಲ್ವಾನರನ್ನು ಸಾಲಾಗಿ ನಿಲ್ಲಿಸಿ, ಮೈಕಟ್ಟು, ತೂಕ, ಅನುಭವ ನೋಡಿ, ಯಾರಿಗೆ ಯಾರು ಎಂದು ಗೊತ್ತುಮಾಡುತ್ತಾರೆ. ಅದಕ್ಕೆ 'ಜೋಡಿ ಕಟ್ಟುವುದು' ಎಂದು ಹೆಸರು. ಅಖಾಡಕ್ಕಿಳಿದು ಒಬ್ಬರನ್ನೊಬ್ಬರು ಕೆಡವಬೇಕಾದ ಇಬ್ಬರನ್ನು ಗರಡಿಯ ಭಾಷೆ ಜೋಡಿ ಎನ್ನುತ್ತದೆ. ಸರಿಜೋಡಿಯಲ್ಲದವನೊಡನೆ ಸೆಣಸಿ ಗೆದ್ದರೆ ಗೆದ್ದಂತಾಗುವುದಿಲ್ಲ. 'ಮ್ಯಾಚ್' ಪದದ ಆಳದಲ್ಲಿರುವುದು ಇದೇ ನ್ಯಾಯ. ಅದಕ್ಕೇ ಇಂಗ್ಲಿಷಿನಲ್ಲಿ 'ರೈವಲ್' ಕ್ರಿಯಾಪದವಾದಾಗ ಸರಿಗಟ್ಟು ಎಂಬ ಅರ್ಥ ಕೊಡುತ್ತದೆ. 'ಅನ್‌ರೈವಲ್ಡ್' ಎಂದರೆ ವೈರಿಗಳಿಲ್ಲದವನು ಎಂದಲ್ಲ, ಸಾಟಿಯಿಲ್ಲದವನು ಎಂದು. ಪೈಪೋಟಿಗೆ ನಿಲ್ಲುವವನು ನಮಗೆ ಸಾಟಿ ಎಂಬ ಗೌರವ ಪದದ ಹೊಟ್ಟೆಯಲ್ಲೇ ಇದೆ.

'ಆಪೊನೆಂಟ್' ಸರಳ ಪದ: ಎದುರಿಗೆ ಇಟ್ಟದ್ದು, ಎದುರಿಗೆ ನಿಂತವನು. ಕನ್ನಡದ 'ಎದುರಾಳಿ'ಯನ್ನು ಬಿಡಿಸಿದರೂ ಅಷ್ಟೇ, ಎದುರಿನ ಆಳು. ಇದಕ್ಕಿಂತ ಸಮನಾದ ಅನುವಾದ ಇನ್ನೊಂದು ಸಿಗದು. ರಾಜಕೀಯದಲ್ಲಿ ಇದೇ ಬೇರಿನ 'ಆಪೊಸಿಷನ್' ಪದಕ್ಕೆ ದೊಡ್ಡ ಬಡ್ತಿ ಸಿಕ್ಕಿದ್ದು 1826ರಲ್ಲಿ. ಬ್ರಿಟನ್ನಿನ ಸಂಸತ್ತಿನಲ್ಲಿ ಜಾನ್ ಕ್ಯಾಮ್ ಹಾಬ್‌ಹೌಸ್ ಎಂಬ ಸದಸ್ಯ ವಿರೋಧ ಪಕ್ಷದವರನ್ನು 'ದೊರೆಯ ವಿರೋಧ ಪಕ್ಷ' ಎಂದು ಕರೆದ. ಸಭೆ ಮೊದಲು ನಕ್ಕಿತು, ಆಮೇಲೆ ಆ ಮಾತು ನಿಂತುಬಿಟ್ಟಿತು. ಸರ್ಕಾರವನ್ನು ವಿರೋಧಿಸುವವನು ರಾಜ್ಯದ್ರೋಹಿಯಲ್ಲ, ರಾಜ್ಯದ ಒಂದು ಅಂಗ ಎಂಬ ದೊಡ್ಡ ವಿಚಾರ ಮೂರು ಪದಗಳಲ್ಲಿ ಬಂತು. ಭಾರತದಲ್ಲಿ ಸಂಸತ್ತಿನ ವಿರೋಧ ಪಕ್ಷದ ನಾಯಕನ ಸ್ಥಾನಕ್ಕೆ ಸಂಬಳ, ಸವಲತ್ತಿನ ಕಾಯಿದೆ ಆದದ್ದು 1977ರಲ್ಲಿ. ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ, ವಿರೋಧ ಪಕ್ಷ ಮತ್ತು ಪ್ರತಿಪಕ್ಷ. ನನಗೆ ಎರಡನೆಯದೇ ಹೆಚ್ಚು ಸರಿಯೆನಿಸುತ್ತದೆ. ಅದರಲ್ಲಿ ಹಕ್ಕಿಯ ಇನ್ನೊಂದು ರೆಕ್ಕೆಯ ನೆನಪಿದೆ.

ಈಗ ಗೆರೆಯ ಆಚೆ ಬದಿ. 'ಎನಿಮಿ' ಬಂದದ್ದು ಲ್ಯಾಟಿನ್ನಿನ 'ಇನಿಮಿಕುಸ್'ನಿಂದ. 'ಅಮಿಕುಸ್' ಸ್ನೇಹಿತ, 'ಇನಿಮಿಕುಸ್' ಸ್ನೇಹಿತನಲ್ಲದವನು. ಸಂಸ್ಕೃತದ 'ಅಮಿತ್ರ' ಹುಟ್ಟಿದ್ದೂ ಹೀಗೆಯೇ. ಇಂಗ್ಲಿಷಿನ ಸ್ವಂತ ಪದಗಳಲ್ಲಿ 'ಫ್ರೆಂಡ್' ಮತ್ತು 'ಫೀಂಡ್' ಹಳೆಯ ಕಾಲದಲ್ಲಿ ಜೋಡಿಯಾಗಿದ್ದವು: ಒಂದು ಪ್ರೀತಿಸುವವನು, ಇನ್ನೊಂದು ದ್ವೇಷಿಸುವವನು. ಜರ್ಮನ್ನಿನಲ್ಲಿ 'ಫೈಂಟ್' ಈಗಲೂ ಬರಿಯ ಶತ್ರು. ಇಂಗ್ಲಿಷಿನಲ್ಲಿ ಮಾತ್ರ 'ಫೀಂಡ್' ದೆವ್ವವಾಗಿಬಿಟ್ಟಿತು. ಶತ್ರುವನ್ನು ಮೊದಲು ಸ್ನೇಹದಿಂದ ಹೊರಗಿಡುತ್ತಾರೆ, ಆಮೇಲೆ ಮನುಷ್ಯರ ಸಾಲಿನಿಂದಲೇ ಹೊರಗಿಡುತ್ತಾರೆ. ಒಂದು ಪದ ನಡೆದುಬಂದ ದಾರಿಯಲ್ಲೇ ಅದು ಕಾಣುತ್ತದೆ.

'ಹಾಸ್ಟೈಲ್' ಪದದ ಕಥೆ ಇನ್ನೂ ಆಳ. ಲ್ಯಾಟಿನ್ನಿನ 'ಹೋಸ್ಟಿಸ್' ಎಂದರೆ ಯುದ್ಧದಲ್ಲಿ ಎದುರಾದ ಶತ್ರು. ಆದರೆ ತನಗಿಂತ ಹಿಂದಿನವರು ಈ ಪದವನ್ನು ಹೊರನಾಡಿನವನು ಎಂಬ ಅರ್ಥದಲ್ಲಿ ಬಳಸುತ್ತಿದ್ದರು ಎಂದು ಸಿಸೆರೊ ಬರೆದಿಟ್ಟಿದ್ದಾನೆ. ಭಾಷಾಶಾಸ್ತ್ರಜ್ಞರು ಇದೇ ಬೇರಿಗೆ ಇಂಗ್ಲಿಷಿನ 'ಗೆಸ್ಟ್', 'ಹೋಸ್ಟ್', 'ಹಾಸ್ಪಿಟಲ್' ಪದಗಳನ್ನೂ ಜೋಡಿಸುತ್ತಾರೆ. ಬಾಗಿಲಲ್ಲಿ ನಿಂತ ಅಪರಿಚಿತ ನೆಂಟನೂ ಆಗಬಹುದು, ಹಗೆಯೂ ಆಗಬಹುದು. ಯಾವುದಾಗುತ್ತಾನೆ ಎನ್ನುವುದು ಬಾಗಿಲು ತೆರೆಯುವವನ ಮೇಲಿದೆ.

ನಮ್ಮ ನಾಡಿನ ಕೋರ್ಟುಗಳ ಆವರಣದಲ್ಲಿ ಈ ಪದ ದಿನಾ ಕಿವಿಗೆ ಬೀಳುತ್ತದೆ: 'ಸಾಕ್ಷಿ ಹಾಸ್ಟೈಲ್ ಆದ.' 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯಿದೆಯ 154ನೇ ಕಲಮು ಸಾಕ್ಷಿಯನ್ನು ಕರೆದ ಪಕ್ಷದವರೇ ಅವನನ್ನು ಪಾಟೀಸವಾಲಿಗೆ ಒಳಪಡಿಸಬಹುದು ಎನ್ನುತ್ತಿತ್ತೇ ಹೊರತು 'ಹಾಸ್ಟೈಲ್' ಎಂಬ ಪದವನ್ನು ಬಳಸುತ್ತಿರಲಿಲ್ಲ. ಆದರೂ ಆ ಹಣೆಪಟ್ಟಿ ಅಂಟಿಕೊಂಡಿತು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟುಹಾಕಿದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಸಾಕ್ಷಿಗಳು 'ಹಾಸ್ಟೈಲ್' ಆಗಿದ್ದರು. ಭಯದಿಂದ ಬಾಯಿ ಕಟ್ಟಿದ ಬಡವನಿಗೆ ಶತ್ರು ಎಂಬ ಅರ್ಥದ ಪದವನ್ನು ಹೊರಿಸುವುದು ನನಗೆ ಇಂದಿಗೂ ಸಹಿಸಲಾಗದ ಸಂಗತಿ. ಅವನು ಯಾರ ಶತ್ರು? ನ್ಯಾಯದ ಶತ್ರುವಂತೂ ಅಲ್ಲ. ಊರಿಗೆ ಹಿಂತಿರುಗಿ ಬಾಳಬೇಕಾದವನು.

ಇದೇ ಘಟನೆ ಇನ್ನೊಂದು ಪದವನ್ನೂ ಎದುರಿಗೆ ತರುತ್ತದೆ. ಇಂಗ್ಲಿಷ್ ಪತ್ರಿಕೆಗಳ ತಲೆಬರಹಕ್ಕೆ ಚಿಕ್ಕ ಪದಗಳು ಬೇಕು. ಅದಕ್ಕಾಗಿ 'ರೌ', 'ಸ್ಪ್ಯಾಟ್', 'ರಿಫ್ಟ್', 'ಫ್ಯೂಡ್', 'ಕ್ಲ್ಯಾಶ್' ಮುಂತಾದವು ಸದಾ ಸಿದ್ಧ. ಮಾತಿನಲ್ಲಿ ಅಪರೂಪವಾದ ಇವು ಅಚ್ಚಿನಲ್ಲಿ ತುಂಬಿ ತುಳುಕುತ್ತವೆ. ಬಹುಪಾಲು ನಿರಪಾಯ. ಆದರೆ 'ಕ್ಲ್ಯಾಶ್' ಹಾಗಲ್ಲ. ಎರಡು ಗಟ್ಟಿ ವಸ್ತುಗಳು ಬಡಿದುಕೊಂಡ ಸದ್ದಿನಿಂದ ಹುಟ್ಟಿದ ಪದ ಅದು. ಯಾರು ಬಡಿದರು, ಯಾರಿಗೆ ಬಿತ್ತು ಎಂದು ಹೇಳುವ ಹೊಣೆ ಅದಕ್ಕಿಲ್ಲ. ಕನ್ನಡದ 'ಘರ್ಷಣೆ'ಯೂ ಅದೇ ಜಾತಿಯದು. ಕೇರಿಯೊಂದಕ್ಕೆ ನುಗ್ಗಿ ಬೆಂಕಿಯಿಟ್ಟದ್ದನ್ನು 'ಎರಡು ಗುಂಪುಗಳ ನಡುವೆ ಘರ್ಷಣೆ' ಎಂದು ಬರೆದರೆ ಹೊಡೆದವನೂ ಹೊಡೆಸಿಕೊಂಡವನೂ ತಕ್ಕಡಿಯಲ್ಲಿ ಸಮ ತೂಗುತ್ತಾರೆ. ಪದ ಸುಳ್ಳಾಡುವುದಿಲ್ಲ, ಸತ್ಯವನ್ನು ಅರ್ಧಕ್ಕೆ ನಿಲ್ಲಿಸುತ್ತದೆ.

ಯುದ್ಧದ ವಿಷಯದಲ್ಲಿ ಹೆಸರಿಡುವ ಈ ಆಟ ಸರ್ಕಾರಗಳ ಕೈಗೆ ಹೋಗುತ್ತದೆ. 'ವಾರ್' ಪದ ಜರ್ಮಾನಿಕ್ ಮೂಲದ್ದು. ಗೊಂದಲ, ಕಲಸುಮೇಲೋಗರ ಎಂಬುದು ಅದರ ಮೊದಲ ಅರ್ಥ. ನಾರ್ಮನ್ನರ ಮೂಲಕ ಇಂಗ್ಲಿಷಿಗೆ ಬಂತು. ಫ್ರೆಂಚರಲ್ಲಿ ಅದೇ 'ಗೆರ್' ಆಯಿತು, ಸ್ಪೇನಿನಲ್ಲಿ 'ಗೆರ್ರಾ'. ನೆಪೋಲಿಯನ್ನನ ಸೈನ್ಯವನ್ನು ಸ್ಪೇನಿನ ಜನ ಕಾಡಿದ ಕಾಲದಿಂದ 'ಗೆರಿಲ್ಲಾ', ಅಂದರೆ ಕಿರಿಯುದ್ಧ, ಲೋಕಕ್ಕೆಲ್ಲ ಗೊತ್ತಾಯಿತು. ಲ್ಯಾಟಿನ್ನಿನ ಸ್ವಂತ ಪದ 'ಬೆಲ್ಲುಮ್' ತನ್ನ ಮಕ್ಕಳ ನಾಲಿಗೆಯಿಂದ ಮರೆಯಾಗಿ, 'ರೆಬೆಲ್', 'ಡ್ಯುಯೆಲ್'ನಂಥ ಪದಗಳಲ್ಲಿ ಮಾತ್ರ ಉಳಿದಿದೆ.

1956ರ ನವೆಂಬರಿನಲ್ಲಿ ಬ್ರಿಟನ್ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ಬಾಂಬು ಹಾಕುತ್ತಿದ್ದಾಗ, ಇದು ಯುದ್ಧವಲ್ಲ, ನಾವು 'ಆರ್ಮ್ಡ್ ಕಾನ್‌ಫ್ಲಿಕ್ಟ್' ಸ್ಥಿತಿಯಲ್ಲಿದ್ದೇವೆ ಎಂದು ಪ್ರಧಾನಿ ಆಂಟನಿ ಈಡನ್ ಸಂಸತ್ತಿಗೆ ಹೇಳಿದರು. ಆ ಮಾತಿಗೆ ಹಿನ್ನೆಲೆಯಿತ್ತು. 1928ರ ಪ್ಯಾರಿಸ್ ಒಪ್ಪಂದದಲ್ಲಿ ರಾಷ್ಟ್ರಗಳು ಯುದ್ಧವನ್ನು ತ್ಯಜಿಸಿದ್ದವು. 1945ರ ವಿಶ್ವಸಂಸ್ಥೆಯ ಸನ್ನದು ಬಲಪ್ರಯೋಗವನ್ನೇ ನಿಷೇಧಿಸಿತ್ತು. 'ವಾರ್' ಎಂದರೆ ಒಪ್ಪಂದ ಮುರಿದಂತೆ. ಇಂಥ ನುಣುಚಾಟವನ್ನು ಮುಂಗಂಡೇ 1949ರ ಜಿನೀವಾ ಒಪ್ಪಂದಗಳು, ಯುದ್ಧವೆಂದು ಒಪ್ಪಿಕೊಳ್ಳದಿದ್ದರೂ ಸರಿ, ಸಶಸ್ತ್ರ ಸಂಘರ್ಷ ನಡೆದರೆ ಸಾಕು, ಕೈದಿಗಳಿಗೂ ಗಾಯಾಳುಗಳಿಗೂ ರಕ್ಷಣೆ ಇದ್ದೇ ಇದೆ ಎಂದಿದ್ದವು. ಹೀಗೆ 'ಆರ್ಮ್ಡ್ ಕಾನ್‌ಫ್ಲಿಕ್ಟ್' ಎಂಬ ಒಂದೇ ಮಾತು ಒಬ್ಬರ ಕೈಯಲ್ಲಿ ರಕ್ಷಣೆಯ ಕೊಡೆ, ಇನ್ನೊಬ್ಬರ ಕೈಯಲ್ಲಿ ಮರೆಮಾಚುವ ಪರದೆ. ಉತ್ತರ ಐರ್ಲೆಂಡಿನಲ್ಲಿ 1960ರ ದಶಕದ ಕೊನೆಯಿಂದ 1998ರವರೆಗೆ ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರ ಹೆಸರು 'ದ ಟ್ರಬಲ್ಸ್', ತೊಂದರೆಗಳು. ಮಲಯದಲ್ಲಿ 1948ರಿಂದ 12 ವರ್ಷ ನಡೆದ ಹೋರಾಟದ ಹೆಸರು 'ಎಮರ್ಜೆನ್ಸಿ'.

ಆಳುವವರ ಇಂಗ್ಲಿಷ್ ನಮ್ಮ ನೆಲದ ಮೇಲೂ ಹೆಸರುಗಳನ್ನು ಬಿಟ್ಟುಹೋಗಿದೆ. 1857ನ್ನು ಅವರು 'ಮ್ಯುಟಿನಿ' ಎಂದರು. ಮ್ಯುಟಿನಿ ಎಂದರೆ ಸಿಪಾಯಿಗಳು ಅಧಿಕಾರಿಯ ಮಾತು ಮೀರುವುದು, ಶಿಸ್ತಿನ ಪ್ರಶ್ನೆ. ರೈತರು, ಕುಶಲಕರ್ಮಿಗಳು, ಸಂಸ್ಥಾನಿಕರು ಸೇರಿಕೊಂಡಾಗ ಆ ಪದ ಸಾಲುವುದಿಲ್ಲ. ಸಾಲದಿರುವುದೇ ಅದರ ಉಪಯೋಗವಾಗಿತ್ತು. ಹಲಗಲಿಯ ಬೇಡರು ಸಿಪಾಯಿಗಳಾಗಿರಲಿಲ್ಲ. ಅವರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆಯ ವಿರುದ್ಧ ಅವರು ಎದ್ದರು. 1909ರಲ್ಲಿ ಸಾವರ್ಕರ್ ತಮ್ಮ ಪುಸ್ತಕಕ್ಕೆ 'ವಾರ್ ಆಫ್ ಇಂಡಿಪೆಂಡೆನ್ಸ್' ಎಂದು ಹೆಸರಿಟ್ಟದ್ದು ಒಂದು ಪದವನ್ನು ಇನ್ನೊಂದು ಪದದಿಂದ ಎದುರಿಸಿದ ಕ್ರಮ. 'ರೆಬೆಲ್' ಎಂಬ ಪದವನ್ನೂ ಗಮನಿಸಿ: ಸೋತವನು ಮತ್ತೆ ಯುದ್ಧಕ್ಕೆ ನಿಲ್ಲುವುದು ಅದರ ಮೂಲಾರ್ಥ. ಆಳುವವನ ಹಕ್ಕನ್ನು ಮೊದಲೇ ಒಪ್ಪಿಸಿಕೊಂಡು ಆ ಪದ ಮಾತಾಡುತ್ತದೆ.

1830-31ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯ ರೈತರು ಕಂದಾಯದ ಕಾಟಕ್ಕೆ ಎದ್ದುನಿಂತದ್ದನ್ನು ಕಂಪನಿಯ ವಿಚಾರಣಾ ವರದಿ 'ಇನ್ಸರೆಕ್ಷನ್' ಎಂದು ಕರೆಯಿತು. ಆ ಬಂಡಾಯದ ನೆಪದಲ್ಲೇ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತಪ್ಪಿ 1881ರವರೆಗೆ ಬ್ರಿಟಿಷರ ವಶದಲ್ಲಿತ್ತು. ರೈತರು ತಮ್ಮ ಸಭೆಗಳಿಗೆ ಇಟ್ಟುಕೊಂಡಿದ್ದ ಹೆಸರು ಬೇರೆ: ಕೂಟ. ಒಟ್ಟಿಗೆ ಸೇರುವುದು. ಇನ್ನು 1837ರಲ್ಲಿ ಅಮರ ಸುಳ್ಯದಿಂದ ಹೊರಟ ರೈತರು ಮಂಗಳೂರಿನ ಬಾವುಟಗುಡ್ಡದ ಮೇಲೆ ತಮ್ಮ ಧ್ವಜ ಏರಿಸಿದರು. ಇಂಗ್ಲಿಷ್ ದಾಖಲೆಯಲ್ಲಿ ಅದು ಕೊಡಗಿನ 'ರೆಬೆಲಿಯನ್'. ಆದರೆ ಕರಾವಳಿಯ ಜನರ ಬಾಯಲ್ಲಿ ತಲೆಮಾರುಗಳ ಕಾಲ ಉಳಿದದ್ದು 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಲೂಟಿ, ದಾಂಧಲೆ. ಗೆದ್ದವರ ಪದ ಮಾತ್ರ ನಮ್ಮನ್ನು ಚಿಕ್ಕದಾಗಿಸುತ್ತದೆ ಎಂದು ಹೇಳುವಂತಿಲ್ಲ, ನಮ್ಮ ನಾಲಿಗೆಯೂ ಆ ಕೆಲಸ ಮಾಡಿದೆ. ಆ ರೈತರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡದಲ್ಲಿ ಎದ್ದು ನಿಂತದ್ದು 2022ರಲ್ಲಿ. 'ಕಾಟಕಾಯಿ'ಯಿಂದ 'ಸ್ವಾತಂತ್ರ್ಯ ಹೋರಾಟ'ದ ತನಕ ಬರಲು ಆ ರೈತರಿಗೆ 185 ವರ್ಷ ಬೇಕಾಯಿತು.

ನಿಜವಾದ ಯುದ್ಧಕ್ಕೆ ಮೆತ್ತಗಿನ ಹೆಸರಿಡುವ ಇದೇ ಇಂಗ್ಲಿಷ್ ಯುದ್ಧವಲ್ಲದ್ದನ್ನೆಲ್ಲ 'ವಾರ್' ಎನ್ನುತ್ತದೆ. 1964ರಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ಮೇಲೆ ಯುದ್ಧ ಸಾರಿದರು. 1971ರಲ್ಲಿ ನಿಕ್ಸನ್ ಮಾದಕ ವಸ್ತುಗಳ ದುರ್ಬಳಕೆಯನ್ನು ದೇಶದ ಮೊದಲ ಶತ್ರು ಎಂದರು, ಅದೇ ವರ್ಷದ ಕ್ಯಾನ್ಸರ್ ಕಾಯಿದೆಗೂ ಯುದ್ಧದ ಹೆಸರೇ ಅಂಟಿತು. 2001ರ ನಂತರ ಭಯೋತ್ಪಾದನೆಯ ಮೇಲೆ. ಬಡತನಕ್ಕೆ ಶರಣಾಗತಿಪತ್ರ ಬರೆದುಕೊಡಲು ಬರುವುದಿಲ್ಲ. ಇಂಥ ಯುದ್ಧಗಳಿಗೆ ಕೊನೆಯೂ ಇಲ್ಲ. ಸ್ವತಃ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಸೂಸನ್ ಸೊಂಟಾಗ್ 1978ರಲ್ಲಿ ಪ್ರಕಟಿಸಿದ 'ಇಲ್‌ನೆಸ್ ಆ್ಯಸ್ ಮೆಟಫರ್' ಎಂಬ ಪುಸ್ತಕದಲ್ಲಿ, ರೋಗವನ್ನು ಸೈನಿಕರ ಭಾಷೆಯಲ್ಲಿ ಹೇಳುವುದು ರೋಗಿಗೆ ಮಾಡುವ ಅನ್ಯಾಯ ಎಂದು ವಾದಿಸಿದರು. 'ಬ್ಯಾಟಲ್'ನಲ್ಲಿ ಸೋತರು ಎಂದು ಸತ್ತವರ ಬಗ್ಗೆ ಹೇಳುವಾಗ, ಇನ್ನಷ್ಟು ಧೈರ್ಯವಿದ್ದಿದ್ದರೆ ಬದುಕುತ್ತಿದ್ದರೇನೋ ಎಂಬ ಆರೋಪ ಅದರಲ್ಲಿ ನುಸುಳುತ್ತದೆ. ನನ್ನ ಮನೆಯವರಿಗೇ ಇಂಥ ಮಾತು ಹೇಳಿದವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ನೋವು ಮಾತ್ರ ಕಡಿಮೆಯಾಗಲಿಲ್ಲ.

2020ರಲ್ಲಿ ನಾವೂ 'ಕೊರೊನಾ ವಾರಿಯರ್ಸ್' ಎಂಬ ಮಾತನ್ನು ಕಟ್ಟಿಕೊಂಡೆವು. ಹೂಮಳೆ ಸುರಿಸಿದೆವು, ತಟ್ಟೆ ಬಡಿದೆವು. ಅದೇ ಜುಲೈನಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೊಡಿ ಎಂದು ಮುಷ್ಕರ ಹೂಡಬೇಕಾಯಿತು. ಯೋಧ ಎಂಬ ಪದ ತ್ಯಾಗವನ್ನು ಬೇಡುತ್ತದೆ. ಕೆಲಸಗಾರ್ತಿ ಎಂಬ ಪದ ಸಂಬಳವನ್ನು ಬೇಡುತ್ತದೆ. ನಾವು ಅವರಿಗೆ ಮೊದಲನೆಯ ಪದವನ್ನೇ ಕೊಟ್ಟೆವು.

ಬಳಕೆಯ ಸಣ್ಣಪುಟ್ಟ ತೊಡಕುಗಳನ್ನೂ ಹೇಳಿಬಿಡುತ್ತೇನೆ, ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ಉಪಯೋಗವಾದೀತು. 'ಫೈಟ್ ವಿತ್' ಎಂದರೆ ಒಬ್ಬನ ವಿರುದ್ಧವೂ ಆಗಬಹುದು, ಅವನ ಜೊತೆ ಸೇರಿಯೂ ಆಗಬಹುದು. ಸಂಶಯ ಬೇಡವೆಂದರೆ 'ಅಗೇನ್ಸ್ಟ್' ಅಥವಾ 'ಅಲಾಂಗ್‌ಸೈಡ್' ಬಳಸಬೇಕು. 'ಬ್ಯಾಟಲ್' ಒಂದು ಕಾಳಗ, 'ವಾರ್' ಕಾಳಗಗಳ ಸರಣಿ. ಎರಡನ್ನೂ ನಾವು ಯುದ್ಧ ಎಂದೇ ಅನುವಾದಿಸಿ ಗೊಂದಲ ಮಾಡಿಕೊಳ್ಳುತ್ತೇವೆ. 'ಕ್ವಾರೆಲ್' ಮಾತಿನ ಜಗಳ, ದೂರು ಎಂಬ ಅರ್ಥದಿಂದ ಹುಟ್ಟಿದ್ದು. 'ಫೈಟ್'ನಲ್ಲಿ ಕೈ ಮೇಲೇಳಬಹುದು. 'ಫ್ಯೂಡ್' ಎಂದರೆ ತಲೆಮಾರುಗಳಿಗೆ ಹರಿಯುವ ಹಗೆ. ಅಮೆರಿಕದ ಹ್ಯಾಟ್‌ಫೀಲ್ಡ್ ಮತ್ತು ಮೆಕಾಯ್ ಮನೆತನಗಳ ನಡುವೆ ಟಗ್ ಫೋರ್ಕ್ ಹೊಳೆಯ ಎರಡೂ ದಡಗಳಲ್ಲಿ 19ನೇ ಶತಮಾನದಲ್ಲಿ ನಡೆದದ್ದು ಅದರ ಹೆಸರಾಂತ ಉದಾಹರಣೆ. 'ಫ್ಯೂಡಲ್' ಪದಕ್ಕೂ ಇದಕ್ಕೂ ನಂಟಿಲ್ಲ. ಜಗಳದ ಅರ್ಥದ 'ರೌ'ವನ್ನು ಸಾಲು ಎಂಬ ಅರ್ಥದ 'ರೋ'ದಂತೆ ಓದಬಾರದು. 'ಕಾನ್‌ಫ್ಲಿಕ್ಟ್', 'ಕಾಂಟೆಸ್ಟ್', 'ರೆಬೆಲ್' ನಾಮಪದವಾದಾಗ ಒತ್ತು ಮೊದಲ ಉಚ್ಚಾರಾಂಶದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗದು, ಆದ್ದರಿಂದ ನಮ್ಮ ಕಿವಿ ಇದನ್ನು ಸುಲಭವಾಗಿ ಹಿಡಿಯುವುದಿಲ್ಲ.

ಪದದ ಹುಟ್ಟೇ ಅದರ ಅರ್ಥವೆಂದು ನಾನು ಹಟ ಹಿಡಿಯುವುದಿಲ್ಲ. ಬಳಸುವ ಜನ ಒಪ್ಪಿದ್ದೇ ಅರ್ಥ. ಈಗಿನ ಇಂಗ್ಲಿಷಿನವನಿಗೆ 'ರೈವಲ್' ಎಂದಾಗ ಕಾಲುವೆ ನೆನಪಾಗುವುದಿಲ್ಲ. ಆದರೂ ಈಗಿನ ಬಳಕೆಯಲ್ಲೇ 'ರೈವಲ್' ಬೇರೆ, 'ಎನಿಮಿ' ಬೇರೆ. ಒಳ್ಳೆಯ ಇಂಗ್ಲಿಷ್ ಲೇಖಕರು ಆ ವ್ಯತ್ಯಾಸವನ್ನು ಇನ್ನೂ ಕಾಪಾಡಿಕೊಂಡಿದ್ದಾರೆ. ಅನುವಾದದಲ್ಲಿ ಅದನ್ನು ಕಳೆದವರು ನಾವು. ಹೊಸ ಪದ ಟಂಕಿಸುವ ಅಗತ್ಯವೂ ನಮಗಿಲ್ಲ. ಜೋಡಿ, ಸಾಟಿ, ಪ್ರತಿಸ್ಪರ್ಧಿ, ಎದುರಾಳಿ, ಇಷ್ಟೂ ಕೈಯಲ್ಲೇ ಇವೆ.

ಕನ್ನಡ ಪತ್ರಿಕೆಗಳ ಕ್ರೀಡಾ ವಿಭಾಗದಲ್ಲಿ ರಾತ್ರಿ ಪಾಳಿಯಲ್ಲಿ ಕೂತು ತಲೆಬರಹ ಬರೆಯುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಭಾರತ-ಪಾಕಿಸ್ತಾನ ಪಂದ್ಯ ಬಂದಾಗ 'ಬದ್ಧವೈರಿ'ಯನ್ನು ತೆಗೆದು 'ಎದುರಾಳಿ' ಎಂದು ಹಾಕಿ. ಜಾಗದ ಚಿಂತೆ ಬೇಡ. ಎರಡಕ್ಕೂ ನಾಲ್ಕೇ ಅಕ್ಷರ.